ರಟ್ಟಿನ ಹೆಂಡತಿಗೆ ಹೇಳಿದ ಮಾತು

ನಾನು ಕುವೈತಿನಿಂದ ಮನೆಗೆ ಬಂದ ದಿನ ಊಟದ ಮೇಜಿನ ಮುಂದೆ, ನನ್ನ ಕುರ್ಚಿಯಲ್ಲಿ, ನಾನೇ ಕೂತಿದ್ದೆ. ಸೊಂಟದಿಂದ ಮೇಲಷ್ಟೇ. ಮೈಮೇಲೆ ಸಮವಸ್ತ್ರ, ಎದೆಯ ಮೇಲೆ 'ಟೆರಿಯೋ' ಎಂಬ ಮನೆತನದ ಹೆಸರಿನ ಪಟ್ಟಿ, ಮುಖದಲ್ಲಿ ಹಲ್ಲು ಕಾಣುವಷ್ಟು ನಗು. ಫೋಟೋ ತೆಗೆದವನು ನಗಿ ನಗಿ ಎಂದು ಪೀಡಿಸಿದ್ದಕ್ಕೆ ಬಂದ ನಗು ಅದು. ನಾನು ಹಾಗೆ ನಗುವವಳೇ ಅಲ್ಲ.

ತುಕಡಿ ಹೊರಡುವ ಮುಂಚೆ ಮಕ್ಕಳಿರುವ ಪ್ರತಿಯೊಬ್ಬರದೂ ಹೀಗೊಂದು ಫೋಟೋ ತೆಗೆದು, ನಿಜ ಅಳತೆಗೆ ಅಚ್ಚು ಹಾಕಿಸಿ, ದಪ್ಪ ರಟ್ಟಿಗೆ ಅಂಟಿಸಿ ಮನೆಗೆ ಕೊಡುತ್ತಾರೆ. ಮಕ್ಕಳು ಮುಖ ಮರೆಯಬಾರದು ಅಂತ. ನಮ್ಮ ಒಡೆಟ್‌ಗೆ ಆರು ವರ್ಷ. ಅವಳು ನನ್ನ ಮುಖ ಮರೆತಿರಲಿಲ್ಲ, ನಿಜ. ಬಾಗಿಲಿನಿಂದ ಓಡಿಬಂದು ಕುತ್ತಿಗೆಗೆ ಜೋತುಬಿದ್ದಳು. ಆದರೆ ಮಲಗುವ ಮುಂಚೆ ಮೊದಲು ರಟ್ಟಿಗೆ ಮುತ್ತು ಕೊಟ್ಟು, ಆಮೇಲೆ ನನ್ನ ಹತ್ತಿರ ಬಂದಳು. ಹೊಟ್ಟೆ ಉರಿಯಿತು. ಅದೂ ನನ್ನದೇ ಮುಖದ ಮೇಲೆ.

"ಇವಳನ್ನ ಎಲ್ಲಿಡೋದು?" ಎಂದು ನನ್ನ ಗಂಡ ಅರ್ಮಾನ್ ರಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಕೇಳಿದ.

"ಇವಳು ಗಿವಳು ಅನ್ಬೇಡ. ಅದು ಅನ್ನು. ನೆಲಮಾಳಿಗೇಲಿ ಆಲೂಗಡ್ಡೆ ಮೂಟೆ ಹಿಂದೆ ಹಾಕು."

ಒಲೆಯ ಹತ್ತಿರ ನಿಂತಿದ್ದ ಅತ್ತೆ ಇಂಥ ಅವಕಾಶ ಸಿಕ್ಕರೆ ಬಿಡುವವರಲ್ಲ. "ಪಾಪ, ಒಳ್ಳೆ ಸೊಸೆ ಕಣೇ ಅವಳು. ಇಡೀ ವರ್ಷ ನನ್ನ ಕೋಳಿ ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ಒಂದ್ಸಲಾನೂ ಬಾಯಿ ಬಿಡ್ಲಿಲ್ಲ," ಎಂದರು.

"ತಿಂದೂ ಇಲ್ವಲ್ಲ ಅತ್ತೆ," ಎಂದೆ.

"ಅದೇ ಮತ್ತೆ. ಖರ್ಚೂ ಇಲ್ಲ."

ನಮ್ಮೂರು ಅಮೆರಿಕದ ಮೇನ್ ರಾಜ್ಯದ ಉತ್ತರ ತುದಿ. ಹೊಳೆ ದಾಟಿದರೆ ಕೆನಡಾ. ಇಲ್ಲಿ ನನ್ನಂಥವರು ತಿಂಗಳಿಗೊಂದು ವಾರಾಂತ್ಯ ಮಾತ್ರ ಸೈನಿಕರು. ಉಳಿದ ದಿನ ನಾನು ಪಟ್ಟಣದ ರಸ್ತೆ ಕಚೇರಿಯಲ್ಲಿ ಹಿಮ ತೆಗೆಯುವ ಲಾರಿಗಳನ್ನು ನೋಡಿಕೊಳ್ಳುತ್ತೇನೆ, ಅರ್ಮಾನ್ ಶಾಲೆಯ ಬಸ್ಸು ಓಡಿಸುತ್ತಾನೆ. ಕರೆ ಬಂತೆಂದರೆ ಮಾತ್ರ ಗಂಟುಮೂಟೆ ಕಟ್ಟಿಕೊಂಡು ವರ್ಷವಿಡೀ ಹೋಗಬೇಕು. ಮರಳಿನಲ್ಲೂ ನಾನು ಲಾರಿಗಳನ್ನೇ ನೋಡಿಕೊಂಡೆ. ಚೆನ್ನಾಗಿಯೇ ನೋಡಿಕೊಂಡೆ, ಸಂಕೋಚವಿಲ್ಲದೆ ಹೇಳುತ್ತೇನೆ. ಅದಕ್ಕೇ ಬಂದು ಬಟ್ಟೆಯ ಚೀಲ ಬಿಚ್ಚುವಷ್ಟರಲ್ಲಿ ನಮ್ಮ ಕ್ಯಾಪ್ಟನ್ ಬ್ರಾಕೆಟ್ ಮೇಡಂ ಫೋನ್ ಮಾಡಿದರು. ಮುಂದಿನ ವಸಂತಕ್ಕೆ ಇನ್ನೊಂದು ತುಕಡಿ ಹೊರಡುತ್ತದೆ, ನೀನು ಬರುವುದಾದರೆ ಇಡೀ ತುಕಡಿಗೆ ಹಿರಿಯ ಸಾರ್ಜೆಂಟ್ ನೀನೇ, ಬಲವಂತವಿಲ್ಲ, ಯೋಚಿಸಿ ಹೇಳು ಎಂದರು. ಅಂಥ ಹುದ್ದೆಗೆ ನಮ್ಮ ಕಣಿವೆಯ ಹೆಂಗಸು ಯಾರೂ ಏರಿರಲಿಲ್ಲ.

ಆ ದಿನ ಊಟದ ಹೊತ್ತಿಗೆ ಅರ್ಮಾನ್‌ಗೆ ಹೇಳಿದೆ. ಅವನು ಕಾವಲಿಯ ಮೇಲೆ ಪ್ಲೋಯ್, ಅಂದರೆ ನಮ್ಮ ಕಣಿವೆಯ ದೋಸೆ, ಹುಯ್ಯುತ್ತಿದ್ದ. ಪ್ಲೋಯನ್ನು ಒಂದೇ ಬದಿ ಬೇಯಿಸುವುದು, ಮಗುಚುವ ಹಾಗಿಲ್ಲ, ಆದ್ದರಿಂದ ಅವನಿಗೆ ಕೈಯಲ್ಲಿ ಬೇರೆ ಕೆಲಸವಿರಲಿಲ್ಲ. ಆದರೂ ತಿರುಗಿ ನೋಡಲಿಲ್ಲ.

"ನಿನ್ನಿಷ್ಟ," ಎಂದ.

"ನಿನಗೇನನ್ಸುತ್ತೆ?"

"ನಿನ್ನಿಷ್ಟ ಅಂದ್ನಲ್ಲ."

ಎಲೆ ಉದುರುವ ಕಾಲವೆಲ್ಲ ಇದೇ ಆಯಿತು. ಆಲೂಗಡ್ಡೆ ಕೀಳಲೆಂದು ಶಾಲೆಗೆ ಕೊಡುವ ರಜೆಯಲ್ಲಿ ಹೊಲದ ಬದುವಿನಲ್ಲಿ ನಿಂತು ಕೇಳಿದೆ, ಚರ್ಚಿನಿಂದ ಬರುವಾಗ ಕಾರಿನಲ್ಲಿ ಕೇಳಿದೆ. ನಿನ್ನಿಷ್ಟ. ಅರ್ಮಾನ್ ಮೊದಲಿನಿಂದಲೂ ಮಾತು ಕಡಿಮೆಯ ಮನುಷ್ಯ, ಆದರೆ ಹೀಗೆ ಬಾಗಿಲು ಹಾಕಿಕೊಂಡವನಲ್ಲ. ನನಗೆ ಏನು ಬೇಕಿತ್ತು ಎಂದು ನೇರವಾಗಿ ಹೇಳಿಬಿಡುತ್ತೇನೆ. ಅವನು ಹೋಗಬೇಡ ಎನ್ನಬೇಕಿತ್ತು. ಅಂದ ಮೇಲೂ ನಾನು ಹೋಗುತ್ತಿದ್ದೆನೋ ಏನೋ, ಅದು ಬೇರೆ ವಿಷಯ. ವರ್ಷ ಬಿಟ್ಟು ಬಂದ ಹೆಂಡತಿ ಮತ್ತೆ ಹೊರಡುತ್ತೇನೆ ಅಂದರೆ ಗಂಡನಾದವನಿಗೆ ಒಂದು ಮಾತು ಬೇಡವೇ?

ಒಂದು ಮಧ್ಯಾಹ್ನ ಆಲೂಗಡ್ಡೆ ತರಲು ನೆಲಮಾಳಿಗೆಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಇಳಿದು ನೋಡಿದರೆ ಮಗುಚಿದ ಡಬ್ಬದ ಮೇಲೆ ಕೂತು ಸಿಪ್ಪೆ ಸುಲಿಯುತ್ತಿದ್ದ. ಎದುರಿಗೆ ರಟ್ಟು. ನಾನು ಅದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೆ. ಈಗ ಅದು ಅವನತ್ತ ತಿರುಗಿ ಹಲ್ಲು ಬಿಡುತ್ತಿತ್ತು.

"ಯಾರು ತಿರುಗಿಸಿದ್ದು?"

"ನಾನೇ. ಗೋಡೆ ಕಡೆ ಮುಖ ಮಾಡಿ ನಿಲ್ಸಿದ್ರೆ ಶಿಕ್ಷೆ ಕೊಟ್ಟ ಹಾಗೆ ಕಾಣುತ್ತೆ."

"ನನ್ನ ಹತ್ರ ಎರಡು ಮಾತಾಡಕ್ಕೆ ಆಗಲ್ಲ, ರಟ್ಟಿನ ಮೇಲೆ ಕನಿಕರ ಬೇರೆ."

ಅರ್ಮಾನ್ ನನ್ನ ಮುಖ ನೋಡಿದ, ಆಲೂಗಡ್ಡೆಯ ಪಾತ್ರೆ ಎತ್ತಿಕೊಂಡು ಮೇಲೆ ಹೋದ. ಆವತ್ತೇ ತೀರ್ಮಾನ ಮಾಡಿದೆ. ಇವನಿಗೆ ನಾನು ಇದ್ದರೂ ಒಂದೇ, ಹೋದರೂ ಒಂದೇ. ಹಾಗಾದರೆ ಹೋಗುವುದೇ ಸರಿ. ಕ್ಯಾಪ್ಟನ್ ಮೇಡಂಗೆ ಸೋಮವಾರ ಉತ್ತರ ಹೇಳುತ್ತೇನೆಂದು ಫೋನ್ ಮಾಡಿದೆ. ಸೋಮವಾರ ಯಾಕೆಂದರೆ, ಅದಕ್ಕೆ ಮುಂಚಿನ ಶನಿವಾರ ಭಾನುವಾರ ನಮ್ಮಿಬ್ಬರ ಹೆಸರು ದಂಪತಿ ಶಿಬಿರಕ್ಕೆ ಬಂದಿತ್ತು.

ತುಕಡಿ ವಾಪಸು ಬಂದ ಮೇಲೆ ಸೇನೆಯ ಪಾದ್ರಿಗಳು ಗಂಡ ಹೆಂಡಿರನ್ನು ಯಾವುದಾದರೂ ಹೋಟೆಲಿಗೆ ಕರೆದು ಎರಡು ದಿನ ಪಾಠ ಮಾಡುತ್ತಾರೆ, ಒಟ್ಟಿಗೆ ಬಾಳುವುದು ಹೇಗೆಂದು. ಸೈನಿಕರು ಇದನ್ನು ಮದುವೆ ರಿಪೇರಿ ಎನ್ನುತ್ತಾರೆ. ಪಾಠಕ್ಕಾಗಿ ಬರುವವರು ಯಾರೂ ಇಲ್ಲ. ರೂಮು, ಊಟ, ಬಿಸಿನೀರಿನ ಕೊಳ ಎಲ್ಲ ಬಿಟ್ಟಿ, ಮಕ್ಕಳು ಅಜ್ಜಿಯ ಮನೆಯಲ್ಲಿ. ಅತ್ತೆ ಒಡೆಟ್‌ಳನ್ನು ಕಂಕುಳಿಗೇರಿಸಿಕೊಂಡು, "ಹೋಗಿ, ರಿಪೇರಿ ಆಗದಿದ್ರೆ ಅಲ್ಲೇ ಬದಲಾಯಿಸ್ಕೊಂಡು ಬನ್ನಿ," ಎಂದು ಬೀಳ್ಕೊಟ್ಟರು. ಅರ್ಮಾನ್ ನಕ್ಕ. ದಾರಿಯುದ್ದಕ್ಕೂ ಆಮೇಲೆ ನಗಲಿಲ್ಲ.

ಹಿಮ ಬೀಳುವ ಮುಂಚೆ ಸ್ಕೀ ಬೆಟ್ಟದ ಹೋಟೆಲುಗಳು ಖಾಲಿ ಹೊಡೆಯುತ್ತಿರುತ್ತವೆ. ಅಂಥದ್ದೊಂದರ ಊಟದ ಹಜಾರದಲ್ಲಿ ಪಾದ್ರಿ ಹ್ಯಾಸ್ಕೆಲ್ ನಮ್ಮನ್ನು ಜೋಡಿ ಜೋಡಿಯಾಗಿ ಎದುರುಬದುರು ಕೂರಿಸಿದರು. ದಪ್ಪ ಮೀಸೆಯ, ಸಣ್ಣ ದನಿಯ ಮನುಷ್ಯ. ಒಂದೊಂದು ಜೋಡಿಗೆ ಅಡುಗೆಮನೆಯ ನೆಲಕ್ಕೆ ಹಾಸುವಂಥ ಪ್ಲಾಸ್ಟಿಕ್ ಹಾಸಿನ ಒಂದು ಚೌಕದ ತುಂಡು ಕೊಟ್ಟರು.

"ಇದು ಯಾರ ಕೈಲಿರುತ್ತೋ ಅವರು ಮಾತ್ರ ಮಾತಾಡ್ಬೇಕು," ಎಂದರು. "ಇನ್ನೊಬ್ಬರು ಕೇಳಿಸ್ಕೊಂಡು, ಕೇಳಿದ್ದನ್ನೇ ತಿರುಗಿ ಹೇಳ್ಬೇಕು. ಉತ್ತರ ಕೊಡೋ ಹಾಗಿಲ್ಲ. ವಾದ ಇಲ್ಲ. ಸಲಹೆಯಂತೂ ಇಲ್ವೇ ಇಲ್ಲ."

ಕೇಳಲು ಸುಲಭ. ಪಕ್ಕದ ಮೇಜಿನ ಎಳೆಯ ಸಿಪಾಯಿಯೊಬ್ಬನಿಗೆ ಹೆಂಡತಿ ಸಿಂಕಿನ ಪಾತ್ರೆಯ ಗೋಳು ಹೇಳಿಕೊಂಡರೆ ಅವನು ನೆಟ್ಟಗೆ ಕೂತು, ವೈರ್‌ಲೆಸ್ಸಿನಲ್ಲಿ ಹೇಳುವ ಹಾಗೆ, "ಸಂದೇಶ ತಲುಪಿದೆ. ಸಿಂಕಿನಲ್ಲಿ ಪಾತ್ರೆ. ಜವಾಬ್ದಾರಿ ನನ್ನದು. ಮುಗಿಯಿತು," ಎಂದ. ಹುಡುಗಿ ತುಂಡನ್ನು ಅವನ ತಲೆಗೆ ಮೊಟಕಿದಳು.

ನನ್ನ ಪಾಡು ಅದಕ್ಕಿಂತ ಕಡೆ. ಮೊದಲ ಸುತ್ತಿಗೆ ಸಣ್ಣ ವಿಷಯ ತೆಗೆದುಕೊಳ್ಳಿ ಎಂದಿದ್ದರು. ಅರ್ಮಾನ್ ತುಂಡು ಹಿಡಿದು, "ಕಾರಿಗೆ ಚಳಿಗಾಲದ ಟೈರ್ ಇನ್ನೂ ಹಾಕಿಲ್ಲ, ಅದೊಂದು ತಲೆನೋವು," ಎಂದ.

"ಮಂಗಳವಾರ ನಮ್ಮ ಕಚೇರಿ ಶೆಡ್ಡಿಗೆ ತಂದ್ಬಿಡು. ಬೆಳಗ್ಗೆ ಬೇಡ, ಊಟದ ಮೇಲೆ ಬಾ. ನಟ್ಟು ನೀನೇ ಬಿಚ್ಚಕ್ಕೆ ಹೋಗ್ಬೇಡ."

ಪಾದ್ರಿಗಳು ನನ್ನ ಹಿಂದೆಯೇ ನಿಂತಿದ್ದರು. "ಸಾರ್ಜೆಂಟ್, ಅವರು ಟೈರ್ ಹಾಕಿಕೊಡಿ ಅಂತ ಕೇಳ್ಲಿಲ್ಲ. ತಲೆನೋವು ಅಂದ್ರು. ಅಷ್ಟನ್ನ ತಿರುಗಿ ಹೇಳಿ, ಸಾಕು."

"ತಲೆನೋವಂತೆ," ಎಂದೆ ಹಲ್ಲು ಕಚ್ಚಿಕೊಂಡು.

ಮಧ್ಯಾಹ್ನದ ಊಟವಾದ ಮೇಲೆ ದೊಡ್ಡ ವಿಷಯಗಳ ಸುತ್ತು. ನಾನು ತಡಮಾಡಲಿಲ್ಲ. ತುಂಡು ಎತ್ತಿಕೊಂಡೆ. "ನಾನು ಹೋದ್ರೂ ಇದ್ರೂ ನಿನಗೆ ಒಂದೇ. ಅದರಿಂದ ನನಗೆ ತುಂಬಾ ನೋವಾಗಿದೆ," ಎಂದೆ.

ಅರ್ಮಾನ್ ನನ್ನನ್ನೇ ನೋಡಿದ. "ನೀನು ಹೋದ್ರೂ ಇದ್ರೂ ನನಗೆ ಒಂದೇ ಅಂತ ನೀನು ಹೇಳ್ತಿದೀಯ. ನಿನಗೆ ನೋವಾಗಿದೆ," ಎಂದು ತಿರುಗಿ ಹೇಳಿ, ತುಂಡಿಗಾಗಿ ಕೈ ಚಾಚಿದ. ಕೊಟ್ಟೆ.

"ನಾನು ಆಗ್ಲೇ ಹೇಳಿದೀನಿ ನೊಯೆಲ್. ಇನ್ನೊಂದ್ಸಲ ಹೇಳಲ್ಲ."

"ನೀನು ಆಗ್ಲೇ ಹೇಳಿದೀಯ, ಇನ್ನೊಂದ್ಸಲ ಹೇಳಲ್ಲ," ಎಂದೆ. ಹೇಳಿದ್ದೇನು ಮಣ್ಣು, ಎಂದು ಮನಸ್ಸಿನಲ್ಲೇ ಸೇರಿಸಿದೆ.

"ಬೇಡ್ಕೊಂಡು ಹೇಳಿದೀನಿ. ಅಷ್ಟಾದ ಮೇಲೂ ನೀನು ಬಂದ ವಾರದಲ್ಲೇ ಕ್ಯಾಪ್ಟನ್ ಮಾತು ಊಟದ ಮೇಜಿಗೆ ತಂದೆ, ನಾನು ಏನೂ ಹೇಳೇ ಇಲ್ಲ ಅನ್ನೋ ಹಾಗೆ. ಆಮೇಲೆ ನಿನ್ನಿಷ್ಟ ಅನ್ನದೆ ಇನ್ನೇನನ್ಲಿ?"

ಇದನ್ನು ತಿರುಗಿ ಹೇಳಬೇಕಿತ್ತು. ಆಗಲಿಲ್ಲ. ನಿಯಮ ಗಿಯಮ ಬದಿಗಿಟ್ಟು ತುಂಡಿಗೆ ಕೈ ಹಾಕಿ ಎಳೆದೆ. "ಯಾವಾಗ ಹೇಳ್ದೆ? ನನಗೆ ಯಾವಾಗ ಹೇಳ್ದೆ?"

"ಎಷ್ಟು ಸಲ ಅಂತ ಹೇಳ್ಲಿ? ಫರ್ನೇಸ್ ಕೆಟ್ಟು ಮನೆ ತಣ್ಣಗಾದಾಗ ಹೇಳ್ದೆ. ಒಡೆಟ್ ಜ್ವರ ಬಂದು ಆಸ್ಪತ್ರೇಲಿದ್ದು ಬಂದ್ಳಲ್ಲ, ಆಗ ಹೇಳ್ದೆ."

ನನ್ನ ಕೈ ತುಂಡಿನ ಮೇಲೇ ನಿಂತಿತು. "ಒಡೆಟ್ ಆಸ್ಪತ್ರೇಲಿದ್ಳಾ?"

"ಹೇಳಿದ್ನಲ್ಲ."

"ಫರ್ನೇಸ್ ಕೆಟ್ಟಿತ್ತಾ? ಯಾವಾಗ?"

"ಹಿಮ ಜೋರಾಗಿದ್ದಾಗ. ಅಮ್ಮ ಕೋಟು ಹಾಕ್ಕೊಂಡೇ ಊಟಕ್ಕೆ ಕೂತಿದ್ರು, ನೀನು ನಕ್ಕೆ," ಎಂದ ಅರ್ಮಾನ್. ಆಮೇಲೆ ಸ್ವಲ್ಪ ಅನುಮಾನದಿಂದ, "ನೀನು ನಗ್ತಾನೇ ಇದ್ದೆ," ಎಂದ.

"ಫೋನಲ್ಲಿ ಹೇಳಿದ್ಯಾ ಇದನ್ನೆಲ್ಲ?"

"ಫೋನಲ್ಲಿ ಅಂಥದ್ದೆಲ್ಲ ಹೇಳ್ಬಾರದು ಅಂದಿದ್ರಲ್ಲ, ನೀನು ಹೊರಡೋ ಮುಂಚೆ ಸೇನೆಯವರ ಮೀಟಿಂಗಲ್ಲಿ. ಮನೆ ಕಷ್ಟ ಹೇಳಿ ಅವರ ಗಮನ ಕೆಡಿಸ್ಬೇಡಿ, ಅಲ್ಲಿ ಜೀವಕ್ಕೆ ಅಪಾಯ ಅಂತ. ಫೋನಲ್ಲಿ ಹೇಗೆ ಹೇಳ್ಲಿ? ಊಟ ಮಾಡ್ತಾ ಹೇಳ್ದೆ. ನಾನು ಈ ಕಡೆ ಕೂತಿದ್ದೆ, ನೀನು ಎದುರಿಗೆ ನಿನ್ನ ಕುರ್ಚಿ..."

ಅಲ್ಲಿಗೆ ನಿಂತುಬಿಟ್ಟ. ಅವನ ಕುತ್ತಿಗೆ ಕೆಂಪಾಯಿತು, ಕಿವಿ ಕೆಂಪಾಯಿತು, ಕಡೆಗೆ ಹಣೆಯೂ ಕೆಂಪಾಯಿತು.

"ದೇವರೇ," ಎಂದ ಅರ್ಮಾನ್ ಮೆಲ್ಲಗೆ. "ಅವಳಿಗೆ ಹೇಳಿದ್ದು."

ಪಕ್ಕದ ಮೇಜಿನ ಹುಡುಗಿ ಅಷ್ಟೂ ಹೊತ್ತು ಕಿವಿ ಇತ್ತಲೇ ಇಟ್ಟಿದ್ದಳೆಂದು ಕಾಣುತ್ತದೆ. "ಯಾರಿಗೆ? ಯಾರವಳು?" ಎಂದು ಎದ್ದೇ ನಿಂತಳು.

"ನಾನೇ," ಎಂದೆ. "ರಟ್ಟಿನವಳು." ಅಷ್ಟು ಹೇಳುವಷ್ಟರಲ್ಲಿ ನಗು ಬಂತು. ನಿಲ್ಲಿಸಲು ಆಗದ ನಗು. ಆ ಹಜಾರದಲ್ಲಿದ್ದ ಅರ್ಧದಷ್ಟು ಜನರ ಮನೆಗಳಲ್ಲಿ ಒಂದೊಂದು ರಟ್ಟು ಇತ್ತು, ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಮೇಜಿನಿಂದ ಮೇಜಿಗೆ ನಗು ಹರಡಿತು. ಒಬ್ಬ ಹೆಂಗಸು ಮಾತ್ರ ನಗದೆ, "ನಾನೂ ನಮ್ಮನೆಯವರ ರಟ್ಟಿಗೆ ದಿನಾ ಬೈತಿದ್ದೆ. ನಿಜವಾಗ್ಲೂ ಅವರಿಗೇ ಬೈದೆ ಅಂತ್ಲೇ ಅಂದ್ಕೊಂಡಿದೀನಿ," ಎಂದಳು. ಅವಳ ಗಂಡ ಕುರ್ಚಿ ಸ್ವಲ್ಪ ಹಿಂದಕ್ಕೆ ಎಳೆದುಕೊಂಡ.

ನಗುನಗುತ್ತಲೇ ನನಗೆ ಅಳು ಬಂದುಬಿಟ್ಟಿತು. ನನ್ನ ಮಗು ಆಸ್ಪತ್ರೆಯಲ್ಲಿತ್ತು, ಅದು ಆ ರಟ್ಟಿಗೆ ಗೊತ್ತು, ನನಗೆ ಗೊತ್ತಿಲ್ಲ. ಮನೆ ತಣ್ಣಗೆ ಕೊರೆಯುತ್ತಿತ್ತು, ನಾನು ಮರಳಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದೆ. ವಾರವಾರವೂ ಫೋನಿನಲ್ಲಿ ಅವನು ಎಲ್ಲ ಚೆನ್ನಾಗಿದೆ ಎಂದಾಗ ಚೆನ್ನಾಗಿದೆ ಎಂದೇ ನಂಬಿದ್ದೆ. ನನ್ನ ಮೇಲಿಗಿಂತ ಹೆಚ್ಚಾಗಿ ಅವನ ಮೇಲೆ ಮರುಕ ಬಂತು. ಬೇಡಿಕೊಂಡು ಉತ್ತರ ಸಿಗದೆ, ಉತ್ತರ ಕೊಡದವಳು ನಾನೇ ಎಂದುಕೊಂಡು, ಈ ಮನುಷ್ಯ ಎರಡು ತಿಂಗಳು ನನ್ನ ಪಕ್ಕದಲ್ಲೇ ಮಲಗಿದ್ದ.

ಪಾದ್ರಿ ಹ್ಯಾಸ್ಕೆಲ್ ಉಪದೇಶಕ್ಕೆ ಹೋಗಲಿಲ್ಲ, ಅದಕ್ಕಾಗಿ ಅವರ ಮೇಲೆ ನನಗೆ ಇವತ್ತಿಗೂ ಗೌರವ. "ಹೊರಗೆ ಬಿಸಿಲಿದೆ," ಎಂದರು ಅಷ್ಟೇ. "ತುಂಡು ತಗೊಂಡ್ಹೋಗಿ."

ಬೆಟ್ಟದ ಬುಡದಲ್ಲಿ, ಹುಲ್ಲಿನ ಮೇಲೆ, ಜನರನ್ನು ಮೇಲಕ್ಕೆ ಒಯ್ಯುವ ಕುರ್ಚಿಗಳು ತಂತಿಯಲ್ಲಿ ಸುಮ್ಮನೆ ನೇತಾಡುತ್ತಿದ್ದವು. ಕೆಳಗಿದ್ದ ಒಂದರಲ್ಲಿ ಇಬ್ಬರೂ ಕೂತೆವು. ಅರ್ಮಾನ್ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ನನ್ನತ್ತ ತಿರುಗಿದ, ಮತ್ತೆ ಎದುರಿಗೆ ತಿರುಗಿದ.

"ನಿನ್ನ ಮುಖ ಅಲ್ಲಾಡುತ್ತೆ," ಎಂದ. "ಕಷ್ಟ ಆಗುತ್ತೆ."

"ಅದೇನು ಮಾಡಕ್ಕಾಗಲ್ಲ. ಹೇಳು."

ಹೇಳಿದ. ಮೊದಲಿನಿಂದ ಹೇಳಿದ. ಫರ್ನೇಸಿನದು, ಜ್ವರದ್ದು, ಮಂಜುಗಡ್ಡೆಯ ಮೇಲೆ ಬಸ್ಸು ಜಾರಿ, ಒಳಗೆ ತುಂಬಾ ಮಕ್ಕಳಿದ್ದಾಗಲೇ ರಸ್ತೆಯ ಅಂಚಿಗೆ ಹೋಗಿ ನಿಂತದ್ದು, ಆಮೇಲೆ ಎಷ್ಟೋ ದಿನ ಸ್ಟೀರಿಂಗ್ ಮುಟ್ಟಲು ಹೆದರಿದ್ದು. ಒಂದೊಂದಕ್ಕೂ ನನ್ನ ಬಾಯಿಗೆ ಒಂದೊಂದು ಸಲಹೆ ಬಂತು. ಒಂದನ್ನೂ ಹೊರಗೆ ಬಿಡಲಿಲ್ಲ. ಕೇಳಿದ್ದನ್ನು ಮಾತ್ರ ತಿರುಗಿ ಹೇಳಿದೆ. ನನ್ನ ಇಡೀ ಸೇವೆಯಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ. ಬಿಸಿಲು ಬೆಟ್ಟದ ಆ ಕಡೆ ಇಳಿಯಿತು. ಬಿಸಿನೀರಿನ ಕೊಳದಿಂದ ಜನರ ಗಲಾಟೆ ಕೇಳುತ್ತಿತ್ತು.

"ಕಡೇದು," ಎಂದ ಅರ್ಮಾನ್. "ಇದನ್ನೇ ನಾನು ಬೇಡ್ಕೊಂಡಿದ್ದು. ನೀನಿಲ್ದೆ ನನಗೆ ಆಗಲ್ಲ ಅಂತಲ್ಲ ನೊಯೆಲ್. ಆಯ್ತು. ಎಲ್ಲಾ ಆಯ್ತು. ಅಡುಗೆ ಕಲ್ತೆ, ಒಡೆಟ್ ಜಡೆ ಹಾಕೋದು ಕಲ್ತೆ. ಚಳಿಗಾಲ ಮುಗಿಯೋ ಹೊತ್ತಿಗೆ ಒಡೆಟ್ ಅಮ್ಮ ಯಾವಾಗ ಬರ್ತಾಳೆ ಅಂತ ಕೇಳೋದು ನಿಲ್ಲಿಸಿದ್ಳು. ನಾನೂ ನಿಲ್ಲಿಸಿದ್ದೆ. ಒಬ್ಬನೇ ಇರೋದು ಅಭ್ಯಾಸ ಆಗೋಯ್ತು. ಇನ್ನೊಂದು ವರ್ಷ ಆದ್ರೆ ಅದೇ ಇಷ್ಟ ಆಗ್ಬಿಡುತ್ತೆ ನನಗೆ. ನೀನು ಬಂದ್ರೂ ಜಾಗ ಇರಲ್ಲ. ಅದು ನನಗೆ ಭಯ. ಹೋಗ್ಬೇಡ."

ನಾನು ತಿರುಗಿ ಹೇಳಿದೆ. ಅಡುಗೆ, ಜಡೆ, ಒಡೆಟ್, ಅಭ್ಯಾಸ, ಭಯ. ಕಡೆಯ ಒಂದು ಮಾತು ಉಳಿಯಿತು. ಅರ್ಮಾನ್ ಕಾದ. ಅವನಿಗೆ ಕಾಯುವುದು ಚೆನ್ನಾಗಿ ಬರುತ್ತದೆ.

"ಹೋಗ್ಬೇಡ ಅಂತ ಹೇಳ್ತಿದೀಯ," ಎಂದೆ.

"ಹೌದು."

ಆಮೇಲೆ ತುಂಡು ನಾನು ತೆಗೆದುಕೊಂಡೆ. ಆ ಹುದ್ದೆ ನನಗೆ ಬೇಕು ಎಂದೆ. ಮನೆಯಲ್ಲಿ ನಾನು ಹೇಳಿದ್ದಕ್ಕೆಲ್ಲ ಎದುರು ಮಾತು, ಅಲ್ಲಿ ನಾನು ಬಾಯಿ ತೆರೆದರೆ ಲಾರಿಗಳ ಸಾಲು ಹೊರಡುತ್ತದೆ, ಆ ಸುಖ ನಿನಗೆ ಗೊತ್ತಿಲ್ಲ ಎಂದೆ. ಬಂದ ಮೇಲೆ ನೋಡಿದರೆ ಸಾರಿನ ಸೌಟು ಎಲ್ಲಿದೆ ಎಂದೂ ನನಗೆ ತಿಳಿಯದು, ನಾನಿಲ್ಲದೆ ಎಲ್ಲ ಸರಾಗವಾಗಿ ನಡೆದಿತ್ತು, ಅದಕ್ಕೇ ಓಡಿಹೋಗುವ ಮನಸ್ಸಾಯಿತು ಎಂದೆ. ಇದು ನನಗೇ ಆ ಕ್ಷಣದವರೆಗೆ ಗೊತ್ತಿರಲಿಲ್ಲ. ಅರ್ಮಾನ್ ಎಲ್ಲವನ್ನೂ ಒಂದಕ್ಷರ ಬಿಡದೆ ತಿರುಗಿ ಹೇಳಿದ. ಅವನ ಬಾಯಲ್ಲಿ ಕೇಳಿದಾಗ ಅದು ನಾಚಿಕೆಯ ವಿಷಯ ಎನ್ನಿಸಲಿಲ್ಲ. ಹಗುರವಾಯಿತು. ಕೊಳಕ್ಕೆ ಹೋಗಲೇ ಇಲ್ಲ, ಅದೊಂದು ನಷ್ಟ.

ಸೋಮವಾರ ಬೆಳಗ್ಗೆ ಕ್ಯಾಪ್ಟನ್ ಮೇಡಂಗೆ ಫೋನ್ ಮಾಡಿ, ಈ ಸಲ ಬರುವುದಿಲ್ಲ ಎಂದೆ. ಸುಳ್ಳು ಹೇಳುವುದಿಲ್ಲ, ಆಸೆ ಇನ್ನೂ ಹೋಗಿರಲಿಲ್ಲ. ಅಂಥ ಹುದ್ದೆ ದಿನಾ ಬಾಗಿಲು ತಟ್ಟುವುದಿಲ್ಲ. ಅವರಿಗೂ ಆಶ್ಚರ್ಯವಾಗಿರಬೇಕು.

"ಕಾರಣ ಕೇಳ್ಬಹುದಾ ಸಾರ್ಜೆಂಟ್?"

"ಮನೇಲಿ ಬೇಡ ಅಂದ್ರು ಮೇಡಂ."

"ಓ. ತುಂಬಾ ಬೇಜಾರಾಗಿರ್ಬೇಕು ನಿನಗೆ."

"ಇಲ್ಲ ಮೇಡಂ," ಎಂದೆ. "ಈಗ ತಾನೇ ತಿಂಡಿ ತಿನ್ನೋವಾಗ ಹೋಗ್ಬೇಡ ಅಂತ ಇನ್ನೊಂದ್ಸಲ ಹೇಳಿಸ್ಕೊಂಡು ಬಂದೆ."